ಹನ್ನೊಂದನೆಯ ಕೈ

ಚಿಯಾತುರದ ಗಣಿಯೊಳಗೆ, ರಾತ್ರಿ ಪಾಳಿಯ ಕೊನೆಗೆ
ಅಪ್ಪ ತೆಗೆದ ಪಟ.
ಆಸರೆಯ ಮರಕ್ಕೆ ಫೋನು ಒರಗಿಸಿ
"ಉಸಿರು ಹಿಡೀರೋ" ಎಂದು ಎಲ್ಲರನ್ನೂ ಗದರಿ
ಒಂದರ ಹಿಂದೊಂದು ಏಳು ಸಲ.

ಏಳರಲ್ಲೂ ಕತ್ತಲೆ. ಬರಿಯ ಕತ್ತಲೆಯೂ ಅಲ್ಲ,
ಕೆಂಪು ಹಸಿರು ನೀಲಿ ರವೆ ಚೆಲ್ಲಿದ ಕತ್ತಲೆ.
ಐದು ಹೆಲ್ಮೆಟ್ಟು, ಐದು ದೀಪ.
ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ,
ಮುಖ ಇರಬೇಕಾದಲ್ಲೆಲ್ಲ ಅದೇ.

"ಗೋಡೆಗೆ ಹಾಕಬೇಕು, ಸರಿಮಾಡು ಎತೇರಿ.
ಸೋಮವಾರ ಆ ಸುರಂಗದ ಬಾಯಿ ಮುಚ್ಚುತ್ತಾರೆ."

ಏಳನ್ನೂ ಒಂದರ ಮೇಲೊಂದು ಇಟ್ಟೆ, ರೊಟ್ಟಿ ಪೇರಿಸಿದ ಹಾಗೆ.
ಲೆಕ್ಕ ಸರಳ: ಏಳರಲ್ಲೂ ಇರುವುದು ನಿಜ.
ಒಂದರಲ್ಲಿ ಮಿನುಗಿ ಇನ್ನೊಂದರಲ್ಲಿ ಇಲ್ಲದ್ದು
ಕತ್ತಲಲ್ಲಿ ಕ್ಯಾಮೆರಾ ತನಗೆ ತಾನೇ ಗೊಣಗಿಕೊಂಡದ್ದು.
ಸರಾಸರಿ ತೆಗೆದೆ. ಗೊಣಗು ಅಡಗಿತು.
ನೆರಳನ್ನು ಮೆಲ್ಲಗೆ ಎತ್ತಿದೆ;
ಬಂದರು, ಗೇಲಾ, ಬಿಡ್ಜಿನಾ, ಮೂಗು ಸೊಟ್ಟಗಿನ ಮುರ್ತಾಜ್,
ಹೆಸರು ಗೊತ್ತಿಲ್ಲದ ಹೊಸ ಹುಡುಗ,
ಅಪ್ಪ.

ಇನ್ನಷ್ಟು ನಯವಾಗಲಿ ಎಂದು
ಗುಂಡಿಯನ್ನು ಎಪ್ಪತ್ತಕ್ಕೆ ಜರುಗಿಸಿದೆ.
ಅಮ್ಮ ಹಿಟ್ಟಿನ ಕೈಯಲ್ಲೇ ಭುಜದ ಮೇಲಿಂದ ಬಾಗಿ,
"ಯಾರೇ ಇವನು? ಮದುವೆಗೆ ಹೊರಟ ಹಾಗಿದ್ದಾನೆ."

ಮ್ಯಾಂಗನೀಸಿನ ಧೂಳು. ಕಣ್ಣಂಚಿನದು,
ಕಿವಿಯ ಮಡಿಕೆಯದು, ಗಲ್ಲದ ಹಳೆ ಗಾಯದೊಳಗೆ ಕೂತದ್ದು.
ಅದೂ ಸಣ್ಣ ಸಣ್ಣ ಚುಕ್ಕಿ ತಾನೆ,
ಕಸವೆಂದು ಗುಡಿಸಿಬಿಟ್ಟಿತ್ತು ಯಂತ್ರ.
ಇಪ್ಪತ್ತೆಂಟು ವರ್ಷ ಅಮ್ಮ
ದಿಂಬಿನ ಚೀಲ ಕುದಿಸಿ ಕುದಿಸಿ ಹೋಗದ್ದು
ಅರೆಗಳಿಗೆಯಲ್ಲಿ.

ಹಿಂದಕ್ಕೆ ಎಳೆದೆ. ನಲವತ್ತು.
"ಇನ್ನೂ." ಇಪ್ಪತ್ತೈದು. "ಇನ್ನೂ."
ಹನ್ನೊಂದರಲ್ಲಿ ರವೆ ಮತ್ತೆ ಉದುರತೊಡಗಿತು, ಅಪ್ಪನ ಹಣೆಯ ಮೇಲೆ ಕೂಡ.
"ಹ್ಞಾಂ," ಎಂದಳು. "ಇವನಾದರೆ ಬಾಗಿಲು ತೆಗೀಬಹುದು."

ಅಪ್ಪ ಮಿಂದು ಬಂದ, ಕನ್ನಡಕ ಹುಡುಕಿದ, ಬೆರಳಿಟ್ಟು ಎಣಿಸಿದ.
ಐದು ತಲೆ. ಹನ್ನೊಂದು ಕೈ.
ಹನ್ನೊಂದನೆಯದು ಹೊಗೆಯಷ್ಟು ತೆಳು.
"ಯಾರೋ ಅಲುಗಾಡಿದ್ದಾರೆ ಅಪ್ಪಾ, ಅಳಿಸ್ತೀನಿ."
"ಮುಟ್ಟಬೇಡ. ಅದು ಮುರ್ತಾಜ್.
ಉಸಿರು ಹಿಡಿ ಅಂದರೆ
ನನ್ನ ರೊಟ್ಟಿಗೆ ಕೈ ಹಾಕಿದ, ಬಡ್ಡೀಮಗ."
ನಗುತ್ತ ಕೆಮ್ಮಿದ. ಕೆಮ್ಮು ನಗುವಿಗಿಂತ ಉದ್ದ ಇತ್ತು.

ಬಲಗಡೆಯ ಮೂಲೆಯೊಂದು
ಎಷ್ಟು ಎತ್ತಿದರೂ ಏಳಲಿಲ್ಲ.
ಬಿದ್ದೇ ಇರದ ಬೆಳಕನ್ನು ಎಲ್ಲಿಂದ ತರಲಿ.
"ಅಲ್ಲಿ ಏನಿತ್ತು?" ಎಂದೆ.
"ಅಲ್ಲಿಂದ ಮುಂದೆ ಸುರಂಗ," ಎಂದ ಅಪ್ಪ,
"ಹಾಗೇ ಇರಲಿ."