ಹಾಜರಿ ಪುಸ್ತಕ, ಪೋರ್ಟ್ ಪಿರಿ

ಮುಂದಿನ ಸೋಮವಾರ ಕಾನ್ವೆಂಟಿನ ಹುಡುಗಿಯರು ಬರುತ್ತಾರೆ.
ಗೌಂಡಿಗಳು ಬಂದು ಮೂತ್ರಿಖಾನೆಯ ಗೋಡೆ ಒಡೆಯುತ್ತಿದ್ದಾರೆ.
ಶಾಲೆಯ ಹೆಸರೂ ಬದಲಾಗುತ್ತದಂತೆ; ಸೇಂಟ್ ಬ್ರೆಂಡನ್ನನ
ಮರದ ದೋಣಿ ಈಗಾಗಲೇ ಬಾಗಿಲ ಮೇಲಿಂದ ಇಳಿದು
ಕ್ರಿಕೆಟ್ ಪ್ಯಾಡುಗಳ ಪಕ್ಕ ಬೋರಲು ಬಿದ್ದಿದೆ.

ನನ್ನ ಪಾಲಿಗೆ ಬಂದದ್ದು ಹಾಜರಿ ಪುಸ್ತಕಗಳು:
ಎಣಿಸು, ಧೂಳು ಜಾಡಿಸು, ಪೆಟ್ಟಿಗೆ ತುಂಬು,
ಬಿಷಪ್ಪರ ಕಚೇರಿಗೆ ಕಳಿಸು.
ನಿವೃತ್ತ ಮೇಷ್ಟರಿಗೆ ಇಂಥವೇ ಹಚ್ಚುತ್ತಾರೆ.

ಮೊದಲ ಪುಸ್ತಕದಲ್ಲಿ ಹದಿನೇಳು ಹುಡುಗರು,
ಚರ್ಚಿನ ಹಿಂದೆ ಒಂದು ತಗಡಿನ ಕೊಠಡಿ.
ಕೀಲಿ, ಡೆವ್ಲಿನ್, ಮುಲ್ಕಾಹಿ, ಮತ್ತೊಬ್ಬ ಮುಲ್ಕಾಹಿ.
ದವತಿಯಲ್ಲೇ ಶಾಯಿ ಒಣಗಿತೆಂದು
ಫೆಬ್ರವರಿಯಿಡೀ ಸೀಸದ ಕಡ್ಡಿಯಲ್ಲಿ ಬರೆದಿದ್ದಾರೆ.
ಸೀಸಕ್ಕೇನು ಬರ ಈ ಊರಲ್ಲಿ!
ಗಾಳಿ ತಿರುಗಿದರೆ ಸಾಕು, ಕುಲುಮೆಯ ಚಿಮಣಿಯಿಂದ
ತಾನಾಗಿಯೇ ಬಂದು ಬೆಂಚಿನ ಮೇಲೆ ಕೂರುತ್ತದೆ.
ಅದಕ್ಕೇ ಪ್ರತಿ ನಲ್ಲಿಯ ಮೇಲೂ ಒಂದು ಬೋರ್ಡು:
ಉಣ್ಣುವ ಮೊದಲು ಕೈ ತೊಳೆ.
ಜಪದಲ್ಲಿ ತಪ್ಪಿದರೆ ಬ್ರದರ್ ಡೆಕ್ಲಾನ್ ಬಿಟ್ಟಾರು,
ಇದರಲ್ಲಿ ತಪ್ಪಿದರೆ ಚರ್ಮದ ಪಟ್ಟಿ, ಎರಡೂ ಅಂಗೈಗೆ;
ಆಮೇಲೆ ಮತ್ತೆ ತೊಳೆಯಲು ಕಳಿಸುತ್ತಿದ್ದರಂತೆ,
ಉರಿ ಆರಲೆಂದೋ, ಇನ್ನಷ್ಟು ಉರಿಯಲೆಂದೋ.

೧೯೩೮. ಮೀನುಗಾರರ ಓಣಿಯಿಂದ ಒಬ್ಬ ಹೊಸಬ.
ಮೊದಲ ವಾರ ಅವನು ಶಾಂಕಲೆಪೋರೆ.
ಎರಡನೆಯ ವಾರ ಸಂಕಲಪೂರ್
(ಹೊಸಪೇಟೆ ಕಡೆಯ ಹಳ್ಳಿಯ ಹಾಗಿದೆಯೆಂದು ನಕ್ಕೆ).
ಮೂರನೆಯ ವಾರ ಬ್ರದರಿಗೆ ಸಾಕಾಗಿ
ಬರೀ ಪೋರ್.

ಪೋರ. ನಮ್ಮಲ್ಲಿ ಹಾಗೆಂದರೆ ಹುಡುಗ,
ಒಂದಿಷ್ಟು ತುಂಟತನವನ್ನೂ ಸೇರಿಸಿ.
ಬ್ರದರಿಗೆ ಅದು ಗೊತ್ತಿರಲಿಲ್ಲ. ಪೋರನಿಗೂ.

ನಗುವ ಹಕ್ಕು ನನಗಿದೆಯೆ? ನಾನು ಬೆಳ್ಳಿಕಟ್ಟಿ,
ಎಂಬತ್ತೆಂಟರಲ್ಲಿ ರಸಾಯನಶಾಸ್ತ್ರ ಕಲಿಸಲು ಬಂದವನು
ಊಟದ ಗಂಟೆಯೊಳಗೆ ಮಿಸ್ಟರ್ ಬೆಲ್ ಆಗಿದ್ದೆ.
ಕರಗಿದ ಸೀಸಕ್ಕೆ ಸತು ಹಾಕಿ ಬೆಳ್ಳಿ ತೆಗೆಯುವುದನ್ನು
ಪುಸ್ತಕ ನೋಡಿಕೊಂಡು ಹೇಳುತ್ತಿದ್ದರೆ ಹಿಂದಿನ ಬೆಂಚಿನವ
'ಹಾಗಲ್ಲ ಸರ್, ನಮ್ಮಪ್ಪ ಕೆನೆ ತೆಗೆದ ಹಾಗೆ ತೆಗೀತಾನೆ' ಎಂದ.
ಅವನೂ ಪೋರ್. ಮೊಮ್ಮಗ.
ಪೂರ್ತಿ ಹೆಸರೇನೋ ಎಂದರೆ, 'ಇಷ್ಟೇ ಸರ್.'

೧೯೪೦, ಜೂನ್. ಪೋರ್‌ನ ಸಾಲಿನಲ್ಲಿ
ಹದಿನೈದು ಸೊನ್ನೆ. ಕಾರಣದ ಅಂಕಣದಲ್ಲಿ
ಬ್ರದರ್ ಡೆಕ್ಲಾನ್ ಬರೆದದ್ದು ಒಂದೇ ಶಬ್ದ: ತಂದೆ.
ಇಟಲಿ ಯುದ್ಧಕ್ಕಿಳಿದ ತಿಂಗಳು ಅದು. ಪೊಲೀಸರು
ದೋಣಿಗಳನ್ನು ಕಟ್ಟಿಹಾಕಿ ಗಂಡಸರನ್ನು ರೈಲು ಹತ್ತಿಸಿದ್ದು
ಪುಸ್ತಕದಲ್ಲಿಲ್ಲ.
ನಾಲ್ಕನೆಯ ವಾರ ಹುಡುಗ ಬಂದಿದ್ದಾನೆ. ಆ ವಾರ,
ಅದೊಂದೇ ವಾರ, ಪಟ್ಟಿ ಹಿಡಿಯುತ್ತಿದ್ದ ಅದೇ ಕೈ
ಇಡೀ ಹೆಸರನ್ನು ಬರೆದಿದೆ. ಒಂದಕ್ಷರ ತಪ್ಪಿಲ್ಲ.
ಜಾಗ ಸಾಲದೆ ಹೆಸರಿನ ಬಾಲ
ಸೋಮವಾರದ ಮನೆಯೊಳಗೆ ನುಗ್ಗಿದೆ.

ಮುಂದಿನ ವಾರದಿಂದ ಮತ್ತೆ ಪೋರ್.
ಯಾಕೆಂದು ಕೇಳಲು ಬ್ರದರುಗಳಲ್ಲಿ ಯಾರೂ ಉಳಿದಿಲ್ಲ;
ಹನ್ನೊಂದು ಗೋರಿ, ಎಲ್ಲಕ್ಕೂ ಒಂದೇ ಅಳತೆಯ ಕಲ್ಲು.

ಖಾಲಿ ತರಗತಿಯಲ್ಲಿ ನಿಂತು ಒಮ್ಮೆ ಕೂಗಿದೆ:
ಶಾಂಕಲೆಪೋರೆ!
ಗೌಂಡಿಯೊಬ್ಬ ಕಿಟಕಿಯಲ್ಲಿ ತಲೆ ತೂರಿಸಿ
'ಕರೆದಿರಾ, ಮಿಸ್ಟರ್ ಬೆಲ್?' ಎಂದ.
ಮುಲ್ಕಾಹಿಗಳ ಪೈಕಿ ಕಡೆಯವನು, ಗಣಿತದಲ್ಲಿ ಎರಡು ಸಲ ಫೇಲು.
'ನಿನ್ನನ್ನಲ್ಲ' ಎಂದೆ. 'ಬುತ್ತಿ ತಂದಿದ್ದೀಯಾ?'

ನಲ್ಲಿಯ ಹತ್ತಿರ ಇಬ್ಬರೂ ಬೋರ್ಡು ನೋಡಲಿಲ್ಲ.
ಕೈಗಳು ತಾವಾಗಿಯೇ ಮುಂದೆ ಹೋದವು,
ಅಂಗೈ ಮೇಲಾಗಿ.