ನೀಲಿ ಹಿಡಿಯುವ ಹೊತ್ತು

ಅಬೆಯೊಕುಟದ ಬಂಡೆಗಳ ಕೆಳಗೆ ಏಳು ಬಣ್ಣದ ಬಾನಿ.
ಇಯಾ ವುರಾವೊಲಾ ಬಾಯಿ ತೆರೆದರೆ
ಬಾನಿಯ ಬೂದಿನೀರಿಗಿಂತ ಉರಿ.
ಗಂಜಿಯ ಗೆರೆ ಒಂದೆಳೆ ಸೊಟ್ಟಗಾದರೆ
ಕೋಳಿಗರಿ ಕಸಿದು ನನ್ನ ಬೆರಳಿಗೇ ಹೊಡೆಯುತ್ತಿದ್ದಳು.

ಯಾವಾಗಿನಿಂದಲೋ, ಕೋಳಿ ಕೂಗುವ ಮುನ್ನ
ಬಾನಿಗಳ ನಡುವೆ ಮಣೆ ಹಾಕಿ ಕೂರತೊಡಗಿದಳು.
ತೊಡೆಯ ಮೇಲೆ ಬೈಬಲು, ಬಹಳ ಸಲ ಮುಚ್ಚಿಯೇ ಇರುತ್ತಿತ್ತು.
ತುಟಿ ಅಲುಗುತ್ತಿರಲಿಲ್ಲ. ನಿದ್ದೆ ಅಂದುಕೊಂಡೆ ನಾನು.
"ದೇವರಲ್ಲಿ ಏನು ಕೇಳುತ್ತೀ?" ಅಂದರೆ
"ಕೇಳೋದು ಮುಗೀತು. ಈಗ ಸುಮ್ಮನೆ ಇರ್ತೀವಿ, ಇಬ್ಬರೂ."

ಮಳೆಗಾಲ ಒಂದು ಹೋಯಿತು, ಎರಡು.
ಬೈಗುಳ ಹಾಗೇ ಇತ್ತು;
ತುಸು ತಡವಾಗಿ ಬರುತ್ತಿತ್ತು, ಅಷ್ಟೆ.

ಬಟ್ಟೆ ಬಾನಿಯೊಳಗೆ ನೀಲಿಯಾಗುವುದಿಲ್ಲ, ಗೊತ್ತೆ?
ಎತ್ತಿದಾಗ ಹಸಿರು, ಪಾಚಿಯ ಹಾಗೆ.
ಗಾಳಿ ಮುಟ್ಟಿದ ಮೇಲೆ, ಹಗ್ಗದ ಮೇಲೆ, ನಾಲ್ಕು ಜನ ನೋಡುವಾಗ
ಒಳಗೆ ಕುಡಿದದ್ದು ಹೊರಗೆ ಬರುತ್ತದೆ.

ನಿನ್ನೆ ಇಟೊಕು ಸಂತೆಯಲ್ಲಿ ಸಿಕಿರತ್ ಎದುರಾದಳು,
ಮೂರು ವರ್ಷದ ಹಿಂದೆ ಹನ್ನೆರಡು ಥಾನು ಒಯ್ದು
ಕಾಸು ಕೊಡದೆ ಕಣ್ತಪ್ಪಿಸಿದವಳು.
ನಾನು ಮೈ ಬಿಗಿಹಿಡಿದೆ.
ಇಯಾ ಹೋಗಿ ಅವಳ ತಲೆಹೊರೆಗೆ ಕೈ ಕೊಟ್ಟು ಇಳಿಸಿ
"ಕಾಲು ಊದಿದೆಯಲ್ಲೇ, ಕೂತುಕೋ" ಅಂದಳು.
ಅಂದವಳೇ ಬೆಚ್ಚಿ ನನ್ನತ್ತ ನೋಡಿದಳು,
ಬೇರೆ ಯಾರೋ ಮಾತಾಡಿದ ಹಾಗೆ.

ದಾರಿಯುದ್ದಕ್ಕೂ ಮಾತಿಲ್ಲ.
ಮನೆಗೆ ಬಂದು ಕೈ ತೊಳೆದಳು, ತಿಕ್ಕಿ ತಿಕ್ಕಿ.
ಉಗುರಿನ ಸಂದಿಯ ನೀಲಿ
ಎಂದಿನ ಹಾಗೆ ಅಲ್ಲೇ ಇತ್ತು.
ಆಮೇಲೆ ನನಗೆ ಬೈದಳು,
ಗಂಜಿ ತಳ ಹಿಡಿದಿತ್ತು.