ಅಪ್ಪಿಯಕ್ಕನಿಗೆ ಓಹ್ರಿದ್ ಹೇಳಿದ್ದು

ಬೂತಾಯಿಯ ಬುಟ್ಟಿ ಇಳಿಸಿ ಚಿಟ್ಟೆಯಲ್ಲಿ ಕೂತಳು ಅಪ್ಪಿಯಕ್ಕ.
"ಟೀಚರೇ, ಹದಿನೈದು ದಿನ ಬಾಗಿಲು ಹಾಕಿತ್ತು.
ಯಾವ ದೇಶ ಅದು? ಅಲ್ಲಿ ಎಂತ ಉಂಟು?"

ಎಂತ ಹೇಳಲಿ.
ಇಪ್ಪತ್ತೊಂಬತ್ತು ವರ್ಷ ಕೋಲು ಹಿಡಿದು ತೋರಿಸಿದ್ದೆ
ಕುಂಬಳೆ ಶಾಲೆಯ ಗೋಡೆಯಲ್ಲಿ ಆ ಜಾಗವನ್ನು.
ನಕ್ಷೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ,
ಯುಗೊಸ್ಲಾವಿಯ ಎಂಬ ಒಂದೇ ಹಳದಿಯ
ಕೆಳಗಿನ ಮೂಲೆ, ಜಿರಳೆ ತಿಂದದ್ದು.
ದೇಶ ಒಡೆದು ಚೂರಾದ ಮೇಲೆ
ಹೊಸ ನಕ್ಷೆ ಬಂತು, ಮಲಯಾಳದ್ದು.
ಕನ್ನಡದ್ದು ಸ್ಟಾಕಿಲ್ಲ ಎಂದರು.
ನಾನು ಹಳದಿಯನ್ನೇ ಕಲಿಸಿ ನಿವೃತ್ತಳಾದೆ.

ಹೋದದ್ದು ಆ ಜಿರಳೆ ತಿಂದ ಮೂಲೆ ನೋಡಲಿಕ್ಕೆ.
ಹೇಳಿದರೆ ಮಂಗಳೂರಿನ ಟ್ರಾವೆಲ್ಸಿನವ ನಕ್ಕ.

ಅಲ್ಲೊಂದು ಕೆರೆ, ಅಪ್ಪಿಯಕ್ಕ. ಕೆರೆ ಅಂದರೆ ತಪ್ಪಾಗುತ್ತದೆ,
ಈ ದಡದಲ್ಲಿ ನಿಂತರೆ ಆ ದಡ ಬೇರೆ ದೇಶ.
ಗಡಿ ನೀರಿನ ಮೇಲೆಯೇ ಹೋಗಿದೆಯಂತೆ. ಹುಡುಕಿದೆ.
ಎರಡು ಬಾತುಕೋಳಿ ಅದರ ಮೇಲೆ ಕೂತಿದ್ದಿರಬೇಕು.
ಬಂಡೆಯ ತುದಿಯಲ್ಲಿ ಪುಟ್ಟ ಇಗರ್ಜಿ,
ಹೆಂಚು ನಮ್ಮದೇ ಕೆಂಪು.
ಇನ್ನೊಂದರ ಒಳಗೆ, ಗೋಡೆಯ ಸಂತರ ಕಣ್ಣುಗಳನ್ನು
ಯಾರೋ ಕೆರೆದು ತೆಗೆದಿದ್ದಾರೆ.
ದ್ವೇಷಕ್ಕಲ್ಲ, ಕಣ್ಣುನೋವಿನ ಔಷಧಿಗೆ
ಎಂದಳು ಬೀಗದಕೈ ಇಟ್ಟುಕೊಂಡವಳು.

ಬೆಟ್ಟ ಹತ್ತಿದೆವು. ನಮ್ಮ ಪೊಸಡಿಗುಂಪೆಯನ್ನು
ಐದು ಸಲ ಒಂದರ ಮೇಲೊಂದು ಇಟ್ಟಂತೆ.
ನೆತ್ತಿಯಿಂದ ಈಚೆಗೊಂದು ಕೆರೆ, ಆಚೆಗೊಂದು.
ಆಚೆಯದ್ದರ ನೀರು ಬೆಟ್ಟದ ಹೊಟ್ಟೆಯೊಳಗೆ
ಕತ್ತಲಲ್ಲೇ ನಡೆದು ಈಚೆಯದ್ದನ್ನು ಸೇರುವುದಂತೆ.
ನನಗೆ ನಾಚಿಕೆಯಾಯಿತು.
ಅನಂತಪುರದ ಗುಹೆ ತಿರುವನಂತಪುರದವರೆಗೆ ಉಂಟು
ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.

ಉಳಿದುಕೊಂಡದ್ದು ಸ್ಟೋಯಾಂಕಾ ಎಂಬವಳ ಮನೆಯಲ್ಲಿ.
ಅವಳದು ಹರಕು ಇಂಗ್ಲಿಷು, ನನ್ನದು ಪುಸ್ತಕದ್ದು.
ನೆರೆಯವರ ತಕರಾರಿಗೆ ಅವಳ ದೇಶ
ಹೆಸರಿನ ಮುಂದೆ ಒಂದು ದಿಕ್ಕು ಸೇರಿಸಿಕೊಂಡಿದೆ.
"ಉತ್ತರ!" ಎಂದು ಟೊಮೆಟೊ ಹೆಚ್ಚುತ್ತಾ ಮೂಗು ಮುರಿದಳು.
ನಾನಂದೆ, ನಮ್ಮ ಬಸ್ಸಿನ ಮಲಯಾಳ ಬೋರ್ಡಿನಲ್ಲಿ
ಕುಂಬಳೆಯ ಎತ್ವ ಉದುರಿಹೋಗಿ
ಊರೇ ತರಕಾರಿಯಾಗಿದೆ.
ಅದನ್ನು ತಿಳಿಸಲಿಕ್ಕೆ ಅರ್ಧ ರಾತ್ರಿ ಬೇಕಾಯಿತು,
ಒಂದು ಪೆನ್ನು, ಒಂದು ಕುಂಬಳಕಾಯಿಯ ಚಿತ್ರ.
ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.
ಆಮೇಲೆ ನಗು ನಿಂತ ಮೇಲೂ, ಸ್ವಲ್ಪ ಹೊತ್ತು.

ಅಪ್ಪಿಯಕ್ಕನಿಗೆ ಬೇಜಾರು ಬಂದಿರಬೇಕು,
ಕತ್ತಿ ಆಗಲೇ ಹಲಗೆಯ ಮೇಲೆ.
"ಅಲ್ಲಿಯ ಮೀನು ಹೇಗೆ?"

ಒಳಗೆ ಹೋಗಿ ಡಬ್ಬಿ ತಂದೆ.
ಕಡಲೆಗಿಂತ ಸಣ್ಣದು, ಒಂದು ಜೊತೆ ಕಿವಿಯ ಮುತ್ತು.
ಕೆರೆಯ ಸಣ್ಣ ಮೀನಿನ ಹುರುಪೆಯಿಂದ ಪಾಕ ಮಾಡಿ
ಚಿಪ್ಪಿನ ಮಣಿಗೆ ಬಳಿಯುತ್ತಾರೆ, ಪದರದ ಮೇಲೆ ಪದರ.
ಆ ಗುಟ್ಟು ಎರಡೇ ಮನೆತನಕ್ಕೆ ಗೊತ್ತಂತೆ.

"ಹುರುಪೆಯಾ?"
"ಹುರುಪೆ."
"ಎಷ್ಟು ಕೊಟ್ಟಿರಿ?"
ಹೇಳಿದೆ.
ಕತ್ತಿ ನಿಂತಿತು. "ಅಯ್ಯೋ ಟೀಚರೇ,
ನಲುವತ್ತು ವರ್ಷದಿಂದ ನಿಮ್ಮ ಬಾವಿಕಟ್ಟೆಯ ಹಿಂದೆ
ತೊಳೆದು ಚೆಲ್ಲಿದ್ದೇನಲ್ಲ ಅಷ್ಟನ್ನೂ!"

ತೆಗೆದುಕೋ, ನಿನಗೇ ತಂದದ್ದು ಎಂದೆ.
ಸುಳ್ಳು. ನನಗೇ ತಂದದ್ದು.
ಹೇಳಿದ ಮೇಲೆ ನಿಜವಾಯಿತು.

ಅವಳು ಮುಟ್ಟಲಿಲ್ಲ. "ಕೈಯೆಲ್ಲ ಮೀನು."
ಮುಂಗೈಯಿಂದ ಮೊಣಕೈವರೆಗೆ ಬೆಳ್ಳಿಯ ಚುಕ್ಕಿ,
ಅದರ ಮೇಲೆ ಹತ್ತು ಗಂಟೆಯ ಬಿಸಿಲು.
"ನೀವೇ ಹಾಕಿ" ಎಂದು ಕಿವಿ ಕೊಟ್ಟಳು.
ಎಡಗಡೆಯ ತೂತು ಯಾವಾಗಲೋ ಮುಚ್ಚಿಹೋಗಿತ್ತು.
ಬಲಕ್ಕೊಂದು ಹಾಕಿದೆ.
ಬುಟ್ಟಿ ಹೊತ್ತು, ಗೇಟು ದಾಟಿ ಕೂಗಿದಳು,
ಬೂತಾಯೀ, ಬೂತಾಯೀ.

ಇನ್ನೊಂದು ನನ್ನ ಅಂಗೈಯಲ್ಲೇ ಇತ್ತು.
ಬೆಕ್ಕು ಬಂದು ಮೂಸಿ ನೋಡಿ ಹೋಯಿತು.